ಪಿತ್ತದ ಬಾಗಿಲಿನ ಕಾವಲುಗಾರ

ಬ್ಯಾಂಕಾಕ್
೧೦ ಜುಲೈ, ಬುದ್ಧವರ್ಷ ೨೫೧೭

ಪೂಜ್ಯ ಲುವಂಗ್ ಪೀ ಅವರ ಪಾದಗಳಿಗೆ ರಂಪೈಳ ನಮಸ್ಕಾರಗಳು.

ಆರು ವರ್ಷ ಪ್ರಯೋಗಾಲಯದಲ್ಲಿ ಗುರುವೆಂದು "ಆಚಾನ್, ಆಚಾನ್" ಎನ್ನುತ್ತ ಹಿಂದೆ ಹಿಂದೆ ಸುತ್ತಿದವಳಿಗೆ ತಮ್ಮನ್ನು ಒಮ್ಮೆಲೇ "ಪೂಜ್ಯ ಅಣ್ಣ" ಎಂದು ಕರೆಯಲು ನಾಲಿಗೆ ಹೊರಳುತ್ತಿಲ್ಲ, ಕ್ಷಮಿಸಬೇಕು. ತಲೆ ಬೋಳಿಸಿಕೊಂಡ ಮೇಲೆ ತಾವು ಹತ್ತು ವರ್ಷ ಚಿಕ್ಕವರಾಗಿ ಕಂಡಿರಿ. ದೀಕ್ಷೆಯ ದಿನ ತಮ್ಮ ತಾಯಿಯವರು ನನ್ನ ಕೈ ಹಿಡಿದುಕೊಂಡು, "ಇವನ ಹಳದಿ ಬಟ್ಟೆ ಅಂಚು ಹಿಡ್ಕೊಂಡು ಸ್ವರ್ಗಕ್ಕೆ ಹೋಗೋಣ ಅಂತ ಕಾಯ್ತಾನೇ ಇದ್ದೆ ಕಣಮ್ಮ. ನಲವತ್ತೆಂಟು ವರ್ಷ ಕಾಯಿಸಿದ, ಸೋಮಾರಿ" ಎಂದು ಅತ್ತರು, ಅಳುತ್ತಲೇ ನಕ್ಕರು. ಸರ್ಕಾರ ದೀಕ್ಷೆಗೆಂದು ಕೊಡುವ ರಜೆಯನ್ನು ಇಷ್ಟು ದಿನ ಬಳಸದೆ ಇಟ್ಟುಕೊಂಡಿದ್ದಕ್ಕೆ ತಮ್ಮ ಮೇಲೆ ನನಗೂ ಸಿಟ್ಟಿದೆ. ಬೇರೆ ಯಾವ ವರ್ಷವಾದರೂ ಹೋಗಬಹುದಿತ್ತಲ್ಲ!

ಇಲ್ಲಿ ಎಲ್ಲವೂ ಚೆನ್ನಾಗಿದೆ. ಸೂಕ್ಷ್ಮದರ್ಶಕ ಮುನಿಸಿಕೊಂಡಿಲ್ಲ. ಹುಳು ಹತ್ತಿಸಿದ ಹ್ಯಾಮ್‌ಸ್ಟರ್ ಇಲಿಗಳೂ ಹತ್ತಿಸದವೂ ಬೇರೆ ಬೇರೆ ಗೂಡುಗಳಲ್ಲಿವೆ. ಗೇಟಿನ ಬಳಿ ಮಲ್ಲಿಗೆ ಮಾಲೆ ಮಾರುವ ಲಮೈ ಅತ್ತೆ ಮೊನ್ನೆ ಮೇಲೆ ಬಂದು, "ದಿನವೆಲ್ಲಾ ಆ ಕತ್ತಲೆ ಕೋಣೇಲಿ ಏನ್ ಹುಡುಕ್ತೀಯೇ ಹುಡುಗಿ? ಅದು ಗಂಡು ಸಿಗೋ ಜಾಗ ಅಲ್ಲ" ಎಂದರು. ಕೂರಿಸಿಕೊಂಡು ಹೇಳಿದೆ. ಲಿವರಿನ ಒಂದೊಂದು ಜೀವಕೋಶಕ್ಕೂ ಎರಡು ಬಾಗಿಲು, ಒಂದು ರಕ್ತದ ಕಡೆಗೆ, ಇನ್ನೊಂದು ಪಿತ್ತ ಹರಿಯುವ ಸಣ್ಣ ಕಾಲುವೆಯ ಕಡೆಗೆ. ಪಿತ್ತದ ಬಾಗಿಲಿನ ಪೊರೆಯಲ್ಲಿ ಒಂದು ಕಿಣ್ವ ಕಾವಲುಗಾರನ ಹಾಗೆ ಕೂತಿರುತ್ತದೆ. ಹಸಿ ಮೀನು ತಿಂದವರ ಪಿತ್ತನಾಳದಲ್ಲಿ ಹುಳು ತುಂಬಿ ದಾರಿ ಕಟ್ಟಿಕೊಂಡಾಗ ಆ ಕಿಣ್ವ ರೋಗಿಯ ರಕ್ತದಲ್ಲಿ ಸಿಗುತ್ತದೆ. ಕೋಶ ಒಡೆದು ಸೋರಿತು ಎಂದು ಎಲ್ಲರೂ ಹೇಳುತ್ತಾರೆ. ಸೋರಿಲ್ಲ, ಕಾವಲುಗಾರ ಪಿತ್ತದ ಬಾಗಿಲು ಬಿಟ್ಟು ರಕ್ತದ ಬಾಗಿಲಿಗೆ ಹೋಗಿ ಕೂತಿದ್ದಾನೆ ಎಂದು ನಮ್ಮ ಆಚಾನ್ ಹೇಳುತ್ತಾರೆ. ಕಣ್ಣಿಗೆ ಕಾಣದ ಅವನನ್ನು ಹಿಡಿಯಲು ಹ್ಯಾಮ್‌ಸ್ಟರಿನ ಲಿವರ್ ತುಣುಕಿಗೆ ಮೇವು ಹಾಕುತ್ತೇವೆ. ಅವನು ಮೇವು ಮುರಿದ ಜಾಗದಲ್ಲಿ ಸೀಸ ಅಂಟಿ ಕಪ್ಪು ಚುಕ್ಕೆ ಬೀಳುತ್ತದೆ. ಚುಕ್ಕೆ ಎಲ್ಲಿದೆಯೋ ಅವನು ಅಲ್ಲಿ.

"ಅಂದ್ರೆ ಕೆಲಸ ಬಿಟ್ಟು ಓಡಿಹೋದ ಅಂತ ಅವರು, ವರ್ಗ ಆಯ್ತು ಅಂತ ನೀವು. ಅಷ್ಟೇ ತಾನೆ?" ಎಂದರು ಅತ್ತೆ. ಅಷ್ಟೇ. ತಾವು ಬರುವಷ್ಟರಲ್ಲಿ ವರ್ಗವಾದದ್ದರ ಫೋಟೋ ತೆಗೆದು ಗೋಡೆಗೆ ಅಂಟಿಸಿರುತ್ತೇನೆ.

ತಮ್ಮ ಶಿಷ್ಯೆ,
ರಂಪೈ


ಫೋನ್ ಫಿಸೈ
೨೨ ಜುಲೈ, ೨೫೧೭

ಯೋಮ್ ರಂಪೈ ಅವರಿಗೆ, ಕ್ಷೇಮವಾಗಿರಿ.

ನಿಮ್ಮ ಪತ್ರ ತಲುಪಿತು. ಇಲ್ಲಿ ಮಳೆ ಚೆನ್ನಾಗಿದೆ. ಮಳೆಗಾಲದ ವ್ರತ ಮುಗಿಯುವವರೆಗೆ ವಿಹಾರ ಬಿಟ್ಟು ಹೋಗುವಂತಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಪ್ರಾಣಿಗಳ ಜೀವ ತೆಗೆಯುವ ಕೆಲಸದ ಬಗ್ಗೆ ಭಿಕ್ಷುವಾದವನು ಸಲಹೆ ಕೊಡುವಂತಿಲ್ಲ. ಹ್ಯಾಮ್‌ಸ್ಟರ್‌ಗಳ ವಿಷಯ ದಯವಿಟ್ಟು ಕೇಳಬೇಡಿ.

ಪತ್ರಗಳಲ್ಲಿ ತಮಾಷೆ ಕಡಿಮೆ ಇದ್ದರೆ ಒಳ್ಳೆಯದು.

ಭಿಕ್ಷು ಬುನ್‌ಲೋಮ್


ಬ್ಯಾಂಕಾಕ್
೪ ಆಗಸ್ಟ್, ೨೫೧೭

ಪೂಜ್ಯರಿಗೆ ನಮಸ್ಕಾರಗಳು.

ಬುತ್ತಿ ತರುವ ಗೃಹಸ್ಥರನ್ನು ಕರೆಯುವ ಹಾಗೆ "ಯೋಮ್" ಅಂತೆ, "ನೀವು" ಅಂತೆ, "ದಯವಿಟ್ಟು" ಅಂತೆ. ತುಣುಕು ಕೊಯ್ಯುವ ಗಾಜಿನ ಚಾಕು ಮುರಿದ ದಿನ "ಕತ್ತೆ, ಕೈಯೋ ಕಾಲೋ ಅದು?" ಎಂದು ಬೈದ ಬಾಯಿಂದ ಇಂಥ ಮಾತು ಕೇಳಬೇಕಾಯಿತಲ್ಲ. ತಮಾಷೆ ಬೇಡವೆಂದರೆ ಬಿಟ್ಟೆ. ಇನ್ನು ನಿಜ ಹೇಳುತ್ತೇನೆ, ಅದು ತಮಾಷೆಯಾಗಿಲ್ಲ.

ಎಲ್ಲವೂ ಚೆನ್ನಾಗಿದೆ ಎಂದು ಬರೆದದ್ದು ಸುಳ್ಳು. ಜುಲೈ ಮೊದಲ ವಾರದಿಂದಲೇ ಚುಕ್ಕೆಗಳು ಹುಚ್ಚೆದ್ದು ಕೂತಿವೆ. ಪಿತ್ತದ ಬಾಗಿಲಿನಲ್ಲಿ, ರಕ್ತದ ಬಾಗಿಲಿನಲ್ಲಿ, ಕೋಶದ ನಡುವೆ, ಕೋಶವೇ ಇಲ್ಲದ ಖಾಲಿ ಜಾಗದಲ್ಲಿ ಕೂಡ. ಮೇವು ಹಾಕದ ತುಣುಕಿನಲ್ಲಿ ಒಂದು ಚುಕ್ಕೆಯೂ ಇರಬಾರದು ತಾನೆ? ಅದರಲ್ಲೂ ಇವೆ. ಹಾಗಾದರೆ ಯಾವುದು ಕಾವಲುಗಾರ, ಯಾವುದು ಕಸ, ಹೇಗೆ ಹೇಳುವುದು?

ಪಕ್ಕದ ವಿಭಾಗದ ಡಾಕ್ಟರ್ ತವೀಪ್ ಫೋಟೋ ನೋಡಿದರು. ಅಮೆರಿಕದಿಂದ ಬಂದಾಗಿನಿಂದ ಮೀನಿನ ಸಾರಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನುಷ್ಯ ನನ್ನ ಫೋಟೋವನ್ನು ಮೂಗಿನ ಹತ್ತಿರ ಹಿಡಿದುಕೊಂಡು, "ಗಂಜಿಗೆ ಕರಿಮೆಣಸಿನ ಪುಡಿ ಜಾಸ್ತಿ ಆಗಿದೆಯಲ್ಲಮ್ಮ" ಎಂದರು. ಸುತ್ತ ಇದ್ದವರೆಲ್ಲ ಹಲ್ಲು ಕಿಸಿದರು. ಸೆಪ್ಟೆಂಬರ್ ಇಪ್ಪತ್ತಕ್ಕೆ ಡೀನ್ ಮುಂದೆ ಸಭೆ ಇದೆ. ಅಂದು ಚುಕ್ಕೆ ನಿಜವೆಂದು ತೋರಿಸದಿದ್ದರೆ ಸೂಕ್ಷ್ಮದರ್ಶಕ ತವೀಪ್ ಅವರ ವಿಭಾಗಕ್ಕೆ ಹೋಗುತ್ತದೆ, ನಮ್ಮ ಲಿವರ್ ಕೆಲಸ ಅಲ್ಲಿಗೆ ಮುಗಿಯಿತು. ತಮಗೆ ಹೇಳಬಾರದು, ವ್ರತದಲ್ಲಿದ್ದಾರೆ, ನಾನೇ ಸರಿಮಾಡುತ್ತೇನೆ ಎಂದುಕೊಂಡಿದ್ದೆ. ಆಗುತ್ತಿಲ್ಲ.

ನನಗೆ ಭಯವಾಗಿದೆ ಆಚಾನ್. ತಾವು ಮೀಟಿಂಗುಗಳಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದಿರಲ್ಲ, ಹಾಗೆ ಪಕ್ಕದಲ್ಲಿ ಕೂತಿದ್ದರೂ ನನಗೆ ಧೈರ್ಯ ಇರುತ್ತಿತ್ತು. ಹ್ಯಾಮ್‌ಸ್ಟರ್ ವಿಷಯ ಕೇಳುವುದಿಲ್ಲ. ಸೀಸದ ವಿಷಯ ಕೇಳಬಹುದೇ? ಸೀಸಕ್ಕೆ ಜೀವ ಇಲ್ಲವಲ್ಲ.

ರಂಪೈ


ಫೋನ್ ಫಿಸೈ
೧೯ ಆಗಸ್ಟ್, ೨೫೧೭

ಯೋಮ್ ರಂಪೈ,

ಮೊದಲು ಒಂದು ವಿಷಯ ತಿಳಿಸಬೇಕು. ಮೊದಲ ಪತ್ರದಲ್ಲೇ ತಿಳಿಸಬೇಕಿತ್ತು, ಸಂಕೋಚವಾಯಿತು. ಭಿಕ್ಷುವಿಗೆ ಹೆಂಗಸರಿಂದ ಬಂದ ಪತ್ರವನ್ನು ಧರ್ಮಶಾಲೆಯಲ್ಲಿ ಎಲ್ಲರ ಮುಂದೆ ಒಡೆದು ಓದಬೇಕೆಂಬುದು ಈ ವಿಹಾರದ ಹಿರಿಯ ಗುರುಗಳು, ನಮ್ಮ ಲುವಂಗ್ ಪೂ, ಮಾಡಿರುವ ಕಟ್ಟಳೆ. ಬೆಳಗಿನ ಊಟ ಆದಮೇಲೆ ನಾನೇ ನಿಂತು ಓದುತ್ತೇನೆ. ಬುತ್ತಿ ತಂದ ಊರಿನ ಹೆಂಗಸರೆಲ್ಲ ಎಲೆ ಅಡಿಕೆ ಜಗಿಯುತ್ತ ಕೇಳುತ್ತಾರೆ. "ನೀವು" ಎಂದು ಬರೆದದ್ದು ಅದಕ್ಕೆ. ನನ್ನ ಉತ್ತರಗಳನ್ನೂ ಅಲ್ಲಿಯೇ ಓದುತ್ತೇನೆ. ನಿಮ್ಮ ಮೇಲೆ ಯಾವ ಬೇಸರವೂ ಇರಲಿಲ್ಲ.

ಕಣ್ಣು ತೆರೆದುಕೊಂಡು ನಿದ್ದೆ ಮಾಡುವ ಸಾಲನ್ನು ಬಿಟ್ಟು ಓದಲು ನೋಡಿದೆ. ಲುವಂಗ್ ಪೂ ಕೈ ಎತ್ತಿ, "ನಿಲ್ಲು, ಏನೋ ನುಂಗಿದೆ ನೀನು. ಓದು ಅದನ್ನ" ಎಂದರು. ಓದಿದೆ. "ಓಹೋ! ಧ್ಯಾನಕ್ಕೆ ಕೂತ್ರೆ ಇವನು ಕಂಬದ ಹಾಗೆ ಇರ್ತಾನಲ್ಲ, ಎಷ್ಟು ಸಾಧನೆ ಮಾಡಿದಾನೆ ಅಂದ್ಕೊಂಡಿದ್ದೆ" ಎಂದರು. ಅಂದಿನಿಂದ ಧ್ಯಾನದ ಹೊತ್ತಿನಲ್ಲಿ ನನ್ನನ್ನು ಅವರ ಎದುರಿಗೇ ಕೂರಿಸಿಕೊಳ್ಳುತ್ತಿದ್ದಾರೆ. ಅಮ್ಮ ಇನ್ನೂ ನಗುತ್ತಿದ್ದಾಳೆ.

ಈಗ ನನ್ನನ್ನು ಕಂಡಾಗಲೆಲ್ಲ ಹೆಂಗಸರು ಕೇಳುವುದು ಒಂದೇ ಪ್ರಶ್ನೆ. "ಕಾವಲುಗಾರ ಸಿಕ್ಕಿದ್ನಾ?" ಈ ಊರಿನಲ್ಲಿ ಹಸಿ ಮೀನು ತಿನ್ನದ ಮನೆ ಇಲ್ಲ. ಕಣ್ಣು ಹಳದಿಯಾಗಿ ಹೋದವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಇದು ಅವರಿಗೆ ಹ್ಯಾಮ್‌ಸ್ಟರ್ ಕಥೆಯಲ್ಲ, ಅವರ ಹೊಟ್ಟೆಯೊಳಗಿನ ಸುದ್ದಿ. ಅವರ ಮುಖ ನೋಡಿದ ಮೇಲೆ ಸುಮ್ಮನಿರುವುದು ಕಷ್ಟವಾಯಿತು. ಲುವಂಗ್ ಪೂ ಅವರನ್ನು ಕೇಳಿದೆ. "ಬಟ್ಟಲು ತೊಳೆಯೋದು ಹೇಗೆ ಅಂತ ಹೇಳಿದ್ರೆ ಯಾವ ಶೀಲವೂ ಮುರಿಯಲ್ಲ. ಹೇಳು" ಎಂದರು.

ಆದ್ದರಿಂದ ಕೇಳುತ್ತಿದ್ದೇನೆ. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದಲ್ಲಿಂದ ಸೀಸದ ಬಣ್ಣ ಹಾಕಿ ತೊಳೆಯುವವರೆಗೆ ಏನೇನು ಮಾಡುತ್ತೀರೋ ಎಲ್ಲವನ್ನೂ ಬರೆಯಿರಿ. ಕಸವೆಂದು ಕಂಡದ್ದನ್ನೂ ಬಿಡಬೇಡಿ. ನಾಚಿಕೆ ಬೇಡ.

ಭಿಕ್ಷು ಬುನ್‌ಲೋಮ್


ಬ್ಯಾಂಕಾಕ್
೨೮ ಆಗಸ್ಟ್, ೨೫೧೭

ಪೂಜ್ಯ ಲುವಂಗ್ ಪೀ ಅವರಿಗೆ, ಲುವಂಗ್ ಪೂ ಅವರಿಗೆ, ತಾಯಿಯವರಿಗೆ, ಎಲೆ ಅಡಿಕೆ ಜಗಿಯುತ್ತಿರುವ ಎಲ್ಲ ಅಕ್ಕ ಅಮ್ಮಂದಿರಿಗೂ ನಮಸ್ಕಾರಗಳು!

ಅಯ್ಯೋ, ನನ್ನ ಮಾನ ಹೋಯಿತು. ಪತ್ರ ಓದಿ ಬಿಸಿಯೇರಿದ ಮುಖ ಇನ್ನೂ ಆರಿಲ್ಲ. ಡಾಕ್ಟರ್ ತವೀಪ್ ಅವರ ಮೂಗಿನ ಬಗ್ಗೆ ಬರೆದದ್ದನ್ನು ಅಲ್ಲಿ ಯಾರೂ ಇಲ್ಲಿಗೆ ಮುಟ್ಟಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಎಲ್ಲ ಬರೆಯುತ್ತೇನೆ. ಬಾಗಿಲು ತೆಗೆದು ಮೇಜು ಒರೆಸುತ್ತೇನೆ. ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸುತ್ತೇನೆ. ಬಟ್ಟಲಲ್ಲಿ ಮೇಣದ ಹಾಳೆ ಹಾಸಿ, ಸುತ್ತ ಕಾಸ್ಟಿಕ್ ಸೋಡದ ಹರಳು ಇಟ್ಟು, ನಡುವೆ ಸೀಸದ ಹನಿ ಬಿಡುತ್ತೇನೆ. ತುಣುಕು ಹೊತ್ತ ಜಾಲರಿಯನ್ನು ಹನಿಯ ಮೇಲೆ ಬೋರಲು ಹಾಕುತ್ತೇನೆ. ಉಸಿರಿನ ಗಾಳಿ ತಾಗಿದರೆ ಸೀಸ ಕೆಡುತ್ತದೆಂದು ತಾವು ಹೇಳಿಕೊಟ್ಟದ್ದನ್ನು ಮರೆತಿಲ್ಲ. ಕೆನ್ನೆ ಉಬ್ಬಿಸಿಕೊಂಡು ಉಸಿರು ಬಿಗಿಹಿಡಿದೇ ಕೆಲಸ ಮಾಡುತ್ತೇನೆ, ಒಂದು ಸಲ ತಲೆ ಸುತ್ತಿ ಸ್ಟೂಲಿನಿಂದ ಬಿದ್ದೂ ಇದ್ದೇನೆ. ಆಮೇಲೆ ತೊಳೆಯುತ್ತೇನೆ.

ಇನ್ನೊಂದು ಇದೆ. ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ, ಆದರೂ ಎಲ್ಲ ಬರೆ ಎಂದಿದ್ದೀರಿ. ತಾವು ಹೋದ ವಾರವೇ ಸೂಕ್ಷ್ಮದರ್ಶಕ ಎರಡು ದಿನ ಕೆಟ್ಟು ನಿಂತಿತ್ತು. ಲಮೈ ಅತ್ತೆ, "ಯಜಮಾನ ಹೇಳದೆ ಹೋದ್ರೆ ಯಂತ್ರದ ದೈವಕ್ಕೆ ಕೋಪ ಬರ್ದೆ ಇರುತ್ತಾ? ದಿನಾ ಕೇಳ್ಕೊಂಡು ಶುರು ಮಾಡು" ಎಂದರು. ಅವತ್ತಿನಿಂದ ತಮ್ಮ ಮೇಜಿನ ಮೇಲೆ ಮಾಲೆ ಇಟ್ಟು, ಊದುಬತ್ತಿ ಹಚ್ಚಿ, ಗುರುಗಳನ್ನೂ ದೈವವನ್ನೂ ನೆನೆದೇ ಸೀಸದ ಬಾಟಲಿ ಮುಟ್ಟುತ್ತೇನೆ. ಮೊದಲು ಮೂರು ಹಚ್ಚುತ್ತಿದ್ದೆ. ಚುಕ್ಕೆ ಹೆಚ್ಚಾದ ಮೇಲೆ ಒಂಬತ್ತು ಮಾಡಿದ್ದೇನೆ. ವಿಜ್ಞಾನ ಓದಿದವಳು ಹೀಗೆ ಮಾಡುತ್ತಾಳೆಂದು ನಗಬೇಡಿ. ಕೈಲಾದದ್ದನ್ನೆಲ್ಲ ಮಾಡುತ್ತಿದ್ದೇನೆ.

ಸಭೆಗೆ ಇನ್ನು ಮೂರು ವಾರ.

ರಂಪೈ


ಫೋನ್ ಫಿಸೈ
೯ ಸೆಪ್ಟೆಂಬರ್, ೨೫೧೭

ರಂಪೈ,

ಊದುಬತ್ತಿ ಆರಿಸು! ಈಗಲೇ ಆರಿಸು. ಕತ್ತೆ, ನಿನ್ನ ಒಂದು ಬಾಯಿ ಉಸಿರನ್ನು ತಡೆಹಿಡಿದು ಒಂಬತ್ತು ಊದುಬತ್ತಿಗಳ ಉಸಿರನ್ನು ಬಟ್ಟಲಿನ ಪಕ್ಕದಲ್ಲೇ ಬಿಟ್ಟಿದ್ದೀಯಲ್ಲೇ! ನಾವು ಬಿಡುವ ಉಸಿರಿನಲ್ಲಿರುವುದೂ ಬತ್ತಿ ಉರಿದಾಗ ಬರುವುದೂ ಒಂದೇ ಅನಿಲ. ಅದು ತಾಗಿದರೆ ಸೀಸ ಕಪ್ಪು ಕಾಳಾಗಿ ಎಲ್ಲೆಂದರಲ್ಲಿ ಉದುರುತ್ತದೆ. ನಿನ್ನ ಕರಿಮೆಣಸು ಅದು. ಒಳಗಿನ ಕೆಲಸವೆಲ್ಲ ಸರಿಯಾಗಿದೆ, ಕಾವಲುಗಾರ ಆ ಕಾಳುಗಳ ಅಡಿಯಲ್ಲೇ ಇದ್ದಾನೆ.

ಓದುತ್ತ ಓದುತ್ತ ಧರ್ಮಶಾಲೆಯಲ್ಲೇ ಕಿರುಚಿಬಿಟ್ಟೆ. ಭಿಕ್ಷು ಕಿರುಚಬಾರದು. ಲುವಂಗ್ ಪೂ ಬೈಯಲಿಲ್ಲ, "ಏನಾಯ್ತು ಹೇಳಿ ಆಮೇಲೆ ಕಿರುಚು" ಎಂದರು ಅಷ್ಟೇ.

ನಿನ್ನ ಪತ್ರ ನನಗೆ ತಲುಪಿದ್ದೇ ಇಂದು. ಉದೋನ್ ಆಚೆ ರೈಲು ಹಳಿ ನೀರಿನಲ್ಲಿದೆ, ತಂತಿಯೂ ಕಡಿದಿದೆಯಂತೆ. ಇದು ನಿನಗೆ ಇಪ್ಪತ್ತರೊಳಗೆ ಸೇರುತ್ತದೋ ಇಲ್ಲವೋ ಗೊತ್ತಿಲ್ಲ. ವಿಹಾರ ಬಿಟ್ಟು ಬರುವಂತಿಲ್ಲ. ಇಂಥ ಹೊತ್ತಿನಲ್ಲಿ ನಿನ್ನನ್ನು ಒಂಟಿಯಾಗಿ ಬಿಟ್ಟು ಬಂದೆನಲ್ಲ!

ಬುನ್‌ಲೋಮ್


ಬ್ಯಾಂಕಾಕ್
೨೧ ಸೆಪ್ಟೆಂಬರ್, ೨೫೧೭

ಪೂಜ್ಯ ಲುವಂಗ್ ಪೀ ಅವರಿಗೂ ಧರ್ಮಶಾಲೆಯ ಎಲ್ಲರಿಗೂ,

ಗೆದ್ದೆವು!

ತಮ್ಮ ಉತ್ತರ ಇನ್ನೂ ಬಂದಿಲ್ಲ. ನನ್ನ ಪೆದ್ದುತನ ಓದಿ ತಮಗೆ ಬೇಜಾರಾಗಿದೆ, ಅದಕ್ಕೇ ಬರೆದಿಲ್ಲ ಎಂದು ಒಂದು ವಾರ ಕೊರಗಿದೆ. ಆಮೇಲೆ ಪೇಪರಿನಲ್ಲಿ ನೆರೆಯ ಸುದ್ದಿ ನೋಡಿದೆ. ಇರಲಿ, ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಕಳೆದ ಪತ್ರ ಅಂಚೆಗೆ ಹಾಕಿ ಬರುವಾಗ ಲಮೈ ಅತ್ತೆ ಮಾಲೆ ಕೊಡುತ್ತ, "ಒಂಬತ್ತಕ್ಕೂ ಬಗ್ಗಲಿಲ್ವಾ? ಹಾಗಾದ್ರೆ ಇಡೀ ಕಟ್ಟು ಹಚ್ಚು" ಎಂದರು. ಕಟ್ಟು ಕೈಗೆ ತಗೊಂಡೆ. ಉಸಿರು ಬಿಗಿಹಿಡಿಯುತ್ತೇನೆ ಎಂದು ಬರೆದಿದ್ದೆನಲ್ಲ, ಆ ಕೂಡಲೇ ಊದುಬತ್ತಿ ಹಚ್ಚುತ್ತೇನೆ ಎಂದೂ ಬರೆದಿದ್ದೆ. ರಸ್ತೆಯ ನಡುವೆಯೇ ನಿಂತುಬಿಟ್ಟೆ. ಟುಕ್‌ಟುಕ್‌ನವನು, "ಅಕ್ಕಾ, ಸಾಯ್ಬೇಕಾದ್ರೆ ಬೇರೆ ಗಾಡಿ ನೋಡ್ಕೊ!" ಎಂದು ಬೈದು ಹೋದ. ಬೈದದ್ದು ಹಿತವಾಗಿಯೇ ಕೇಳಿಸಿತು, ನಾನು ನಗುತ್ತಿದ್ದೆ.

ಓಡಿಬಂದು ಒಂದೇ ಲಿವರಿನ ತುಣುಕುಗಳನ್ನು ಎರಡು ಪಾಲು ಮಾಡಿದೆ. ಒಂದಕ್ಕೆ ಊದುಬತ್ತಿಯ ಪಕ್ಕ, ಇನ್ನೊಂದಕ್ಕೆ ಬತ್ತಿಯ ಸುಳಿವಿಲ್ಲದ ಕೋಣೆಯಲ್ಲಿ ಸೀಸದ ಬಣ್ಣ ಹಾಕಿದೆ. ಮೊದಲನೆಯದರಲ್ಲಿ ಅದೇ ಕರಿಮೆಣಸು. ಎರಡನೆಯದು ಹೇಗಿತ್ತು ಗೊತ್ತೇ? ಮೇವು ಹಾಕದ ತುಣುಕು ತೊಳೆದ ತಟ್ಟೆಯಂತೆ ಖಾಲಿ. ಮೇವು ಹಾಕಿದ್ದರಲ್ಲಿ ಚುಕ್ಕೆಗಳು ಪೊರೆಯ ಗೆರೆಯ ಮೇಲೆ, ಬರೀ ಗೆರೆಯ ಮೇಲೆ, ಸಾಲಾಗಿ ಕೂತಿದ್ದವು. ಆರೋಗ್ಯದ ಹ್ಯಾಮ್‌ಸ್ಟರಿನಲ್ಲಿ ಪಿತ್ತದ ಕಡೆಗೆ. ಹುಳು ಹತ್ತಿದ್ದರಲ್ಲಿ, ಆಚಾನ್, ರಕ್ತದ ಕಡೆಗೆ! ಕೋಶ ಒಡೆದಿರಲಿಲ್ಲ, ಪೊರೆ ಒಂದು ಕಡೆಯೂ ಹರಿದಿರಲಿಲ್ಲ. ಆ ಕತ್ತಲೆ ಕೋಣೆಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ಅತ್ತೆ.

ಸಭೆಗೆ ಬಂದವರೆಲ್ಲ ಯಂತ್ರ ಯಾವ ದಾರಿಯಲ್ಲಿ ಸಾಗಿಸುವುದೆಂದು ಆಗಲೇ ಮಾತಾಡಿಕೊಳ್ಳುತ್ತಿದ್ದರು. ನಾನು ಮೊದಲು ತೋರಿಸಿದ್ದು ಕೆಟ್ಟ ಫೋಟೋಗಳನ್ನೇ. "ಡಾಕ್ಟರ್ ತವೀಪ್ ಹೇಳಿದ್ದು ಸರಿ. ಇದು ಕಸ. ಈ ಕಸ ಮಾಡಿದವಳು ನಾನು" ಎಂದು ಊದುಬತ್ತಿಯ ಕಥೆ ಹೇಳಿದೆ. ಡೀನ್ ನಕ್ಕದ್ದಕ್ಕೆ ಅವರ ಕನ್ನಡಕ ಜಾರಿತು. ನಗು ನಿಂತ ಮೇಲೆ ಒಳ್ಳೆಯವನ್ನು ತೋರಿಸಿದೆ. ಫೋಟೋಗಳು ಕೈಯಿಂದ ಕೈಗೆ ಹೋದವು.

ತವೀಪ್ ಮಾತ್ರ ಎದ್ದರು. "ಚೆನ್ನಾಗಿರೋ ನಾಲ್ಕು ಫೋಟೋ ಆರಿಸಿಕೊಂಡು ಯಾರು ಬೇಕಾದ್ರೂ ತರ್ತಾರೆ. ನಿಮ್ಮ ಜಾಲರಿ ಎಲ್ಲಾ ಕೊಡಿ. ಯಾವುದು ಯಾವ್ದು ಅಂತ ನನಗೆ ಹೇಳ್ಬೇಡಿ. ನಾನೇ ನೋಡ್ತೀನಿ."

"ನೋಡಿ ಸಾರ್" ಎಂದೆ. ಜಾಲರಿಗಳನ್ನೆಲ್ಲ ತಂದು ಮೇಜಿನ ಮೇಲಿಟ್ಟೆ.

ಗುರುತೆಲ್ಲ ಮುಚ್ಚಿ ಡೀನ್ ತಾವೇ ಜಾಲರಿಗಳನ್ನು ಕಲಸಿ ಕೊಟ್ಟರು. ತವೀಪ್ ಊಟಕ್ಕೂ ಏಳದೆ ಯಂತ್ರದ ಮುಂದೆ ಕೂತರು. ನಾವೆಲ್ಲ ಹೊರಗೆ. ಲಮೈ ಅತ್ತೆ ಅಂಗಡಿ ಮುಚ್ಚಿ ಬಂದು, "ಪರೀಕ್ಷೆ ನಿಂಗೋ ಅವನಿಗೋ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಬಾಗಿಲು ತೆರೆದಾಗ ತವೀಪ್ ಅವರ ಕೈಯಲ್ಲಿ ಎರಡು ಡಬ್ಬಿ, ಹುಳು ಹತ್ತಿದವು ಒಂದರಲ್ಲಿ, ಹತ್ತದವು ಇನ್ನೊಂದರಲ್ಲಿ. ಡೀನ್ ಗುರುತು ಬಿಚ್ಚಿ ನೋಡಿದರು. ಒಂದೂ ತಪ್ಪಿರಲಿಲ್ಲ.

ತವೀಪ್ ನನ್ನ ಎದುರಿಗೆ ಬಂದು ನಿಂತರು. "ಚುಕ್ಕೆ ಎಲ್ಲಿದೆ ಅಂತ ನೋಡಿಯೇ ಬೇರೆ ಮಾಡಿದೆ. ಬೇರೆ ಏನೂ ನೋಡಲಿಲ್ಲ. ಜಾಗ ಬದಲಾಯಿಸಿದೆ ಕಣಮ್ಮ, ನಿಜವಾಗ್ಲೂ ಬದಲಾಯಿಸಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರ ಮೂಗಿನ ಬಗ್ಗೆ ಬರೆದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಯಂತ್ರ ನಮ್ಮಲ್ಲೇ ಇರುತ್ತದೆ. ಅವರ ವಿಭಾಗದವರೇ ವಾರಕ್ಕೊಂದು ದಿನ ನಮ್ಮಲ್ಲಿಗೆ ಬಂದು ಕಲಿಯುತ್ತಾರಂತೆ.

ಪ್ರಬಂಧ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಪದ್ಧತಿಯಂತೆ ತಮ್ಮ ಹೆಸರು ಮೊದಲು, ನನ್ನದು ಕೆಳಗೆ. ಸಹಿ ಮಾಡಿ ಕಳಿಸಬೇಕು.

ತಮ್ಮ ಶಿಷ್ಯೆ,
ರಂಪೈ


ಫೋನ್ ಫಿಸೈ
೩ ಅಕ್ಟೋಬರ್, ೨೫೧೭

ಪ್ರೀತಿಯ ರಂಪೈ,

ಮಳೆಗಾಲದ ವ್ರತ ಮುಗಿಯಿತು. ನೀರು ಇಳಿದು ಅಂಚೆಯವನು ಬಂದ. ನನ್ನ ಕಿರುಚಾಟದ ಪತ್ರವೂ ಈಗ ನಿನ್ನ ಕೈಸೇರಿರಬಹುದು. ತಡವಾಗಿ ಬಂದದ್ದೇ ಒಳ್ಳೆಯದಾಯಿತು. ಮೊದಲೇ ಬಂದಿದ್ದರೆ ಗೆಲುವು ನನ್ನದೆಂದು ನೀನು ಹೇಳಿಕೊಂಡು ತಿರುಗುತ್ತಿದ್ದೆ.

ಇನ್ನೊಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಇಲ್ಲೇ ಉಳಿದುಬಿಡು ಎಂದು ಲುವಂಗ್ ಪೂ ಆಗಸ್ಟಿನಲ್ಲೇ ಕೇಳಿದ್ದರು. ಉಳಿಯುವ ಮನಸ್ಸೂ ಇತ್ತು. ನಾನಿಲ್ಲದೆ ಆ ಕೆಲಸ ಬಿದ್ದುಹೋಗುತ್ತದೆ ಎಂಬ ಭಯವೊಂದೇ ನನ್ನನ್ನು ಅತ್ತ ಎಳೆಯುತ್ತಿತ್ತು. ಭಯಕ್ಕಾಗಿ ವಾಪಸು ಹೋಗುವುದು ಸರಿಯಲ್ಲ ಎನಿಸಿತ್ತು. ಈಗ ಆ ಭಯ ಇಲ್ಲ. ನಾನಿಲ್ಲದೆಯೇ ಅದು ನಡೆಯುತ್ತದೆ. ಹಾಗಾಗಿ ಸಂತೋಷಕ್ಕೆಂದೇ ಬರುತ್ತೇನೆ, ಮುಂದಿನ ತಿಂಗಳು ವಸ್ತ್ರದಾನದ ಹಬ್ಬ ಮುಗಿಸಿಕೊಂಡು.

ನಿನ್ನ ಪತ್ರವನ್ನು ಧರ್ಮಶಾಲೆಯಲ್ಲಿ ಓದಿದೆ. ತವೀಪ್ ಒಳಗೆ ಹೋಗಿ ಕೂತ ಕಡೆ ಓದುವುದನ್ನು ನಿಲ್ಲಿಸಿದೆ. ಹೆಂಗಸರು ಬಿಡಲಿಲ್ಲ. "ಮುಂದೆ ಓದೋ, ನಮ್ ಜೀವ ಹೋಗ್ತಿದೆ!" ಎಂದು ಅಮ್ಮ ಭಿಕ್ಷುವನ್ನು ಏಕವಚನದಲ್ಲೇ ಗದರಿದಳು. ಒಂದೂ ತಪ್ಪಿರಲಿಲ್ಲ ಎಂದು ಓದಿದಾಗ ಎಲ್ಲರೂ ಕೈಯೆತ್ತಿ "ಸಾಧು! ಸಾಧು! ಸಾಧು!" ಎಂದರು. ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡ ಥೋಂಗ್‌ಸಾ ಅಕ್ಕ ಎದ್ದು ಬಂದು, "ನಮ್ಮೋರ ಲಿವರ್ ಒಡೆದು ಹೋಗಿರಲಿಲ್ಲ ಅಂದಂಗಾಯ್ತು. ಹಾಗಾದ್ರೆ ಬೇಗ ನೋಡಿ ಹುಳು ತೆಗೆದ್ರೆ ಕಾವಲುಗಾರ ತನ್ನ ಜಾಗಕ್ಕೆ ವಾಪಸ್ ಬಂದಾನಾ?" ಎಂದು ಕೇಳಿದಳು. ನಮ್ಮ ಮುಂದಿನ ಕೆಲಸ ಅದೇ ರಂಪೈ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ಸಭೆಯಲ್ಲೂ ಯಾರೂ ಕೇಳಿಲ್ಲ.

ಪ್ರಬಂಧ ಓದಿದೆ. ತಿದ್ದುವಂಥದ್ದು ಒಂದೇ ಇತ್ತು, ತಿದ್ದಿದ್ದೇನೆ. ಹೆಸರುಗಳನ್ನು ಮೇಲೆ ಕೆಳಗೆ ಮಾಡಿದ್ದೇನೆ. ಅದನ್ನೂ ಧರ್ಮಶಾಲೆಯಲ್ಲಿ ಓದಿ ಹೇಳಿದೆ. ಒಬ್ಬ ಮುದುಕಪ್ಪ, "ಹುಡುಗಿ ಹೆಸರಿನ ಕೆಳಗೆ ಭಿಕ್ಷು ಹೆಸರೇ? ಎಲ್ಲಾದ್ರೂ ಉಂಟಾ?" ಎಂದು ಗೊಣಗಿದ. ಲುವಂಗ್ ಪೂ ಅವನತ್ತ ತಿರುಗಿ, "ನೋಡಿದ್ದು ಅವಳು. ಹೇಳೋಳೂ ಅವಳೇ" ಎಂದರು. ಅಮ್ಮ, "ಆ ಹುಡುಗಿ ಹೆಸರು ಎಲ್ಲಿದೆ ತೋರಿಸು" ಎಂದಳು. ಅವಳಿಗೆ ಓದಲು ಬರುವುದಿಲ್ಲ. ಕಾಗದವನ್ನು ಚಾಪೆಯ ಮೇಲಿಟ್ಟು ತೋರಿಸಿದೆ. ಮೇಲಿನ ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಅಕ್ಷರವಾಗಿ ಸವರಿ, "ರಂಪೈ" ಎಂದಳು. ಸುತ್ತ ಕೂತವರೂ ಒಬ್ಬೊಬ್ಬರಾಗಿ ಬಾಗಿ ನೋಡಿ ಅದನ್ನೇ ಹೇಳಿದರು.

ಎರಡನೆಯ ಸಾಲಿನಲ್ಲಿ ಸಹಿ ಮಾಡಿದ್ದೇನೆ. ಇಷ್ಟು ಹೆಮ್ಮೆಯಿಂದ ಎಲ್ಲೂ ಸಹಿ ಮಾಡಿರಲಿಲ್ಲ. ಅಚ್ಚಿಗೆ ಕಳಿಸು.

ಬುನ್‌ಲೋಮ್